ಒಂಬತ್ತು ಎಲ್ಬೋ ಹಾಕಿದ ಮೇಲೆ ನೀರು ಕಡಿಮೆಯಾಗಿದೆ, ಬೋರ್ ಹತ್ತಿರ ಪೈಪೂ ಕಳಚುತ್ತಿದೆ. ಏನು ಮಾಡಲಿ?

ಅಡಿಕೆ ತೋಟ, ಚನ್ನಗಿರಿ

ಎಲ್ಲರಿಗೂ ನಮಸ್ಕಾರ. ಸೂಳೆಕೆರೆ ಕಡೆ ನಮ್ಮದು ಮೂರು ಎಕರೆ ಅಡಿಕೆ ತೋಟ. ಬೋರ್‌ನಿಂದ ತೋಟದ ಮೇಲ್ತುದಿಯ ತೊಟ್ಟಿಗೆ 2 ಇಂಚಿನ ಪಿವಿಸಿ ಪೈಪ್ ಇದೆ. ಹೊರವ್ಯಾಸ 63 ಎಂಎಂ, 6 ಕೆಜಿ ಕ್ಲಾಸ್ (ಚದರ ಸೆಂಟಿಮೀಟರಿಗೆ 6 ಕೆಜಿ ಒತ್ತಡ ತಡೆಯುವಂಥದ್ದು). ಹಳೇ ಲೈನ್ ಪಕ್ಕದವರ ಹೊಲದಲ್ಲಿ ಹಾದು ನೇರವಾಗಿ ಹೋಗುತ್ತಿತ್ತು. ಅವರು ಅಲ್ಲಿ ಮನೆ ಕಟ್ಟುತ್ತಿದ್ದಾರೆ. ಹಾಗಾಗಿ ಹೋದ ತಿಂಗಳು ಲೈನ್ ಕಿತ್ತು, ನಮ್ಮ ಬದು ಹಿಡಿದು ಸುತ್ತಿಸಿ ಹಾಕಿಸಿದೆವು.

ಮೊದಲು 32 ಪೈಪ್, ತಿರುವಿಗೆ ಎರಡೇ ಎಲ್ಬೋ. ಈಗ 35 ಪೈಪ್, ಒಂಬತ್ತು ಎಲ್ಬೋ. ತೊಟ್ಟಿಯ ಹತ್ತಿರ 200 ಲೀಟರ್ ಡ್ರಮ್ ಮೊದಲು 50 ಸೆಕೆಂಡಿಗೆ ತುಂಬುತ್ತಿತ್ತು. ಈಗ 78 ಸೆಕೆಂಡ್ ಬೇಕು. ಬೋರ್ ಅದೇ, ಮೋಟ್ರು ಅದೇ, ಕರೆಂಟೂ ಸರಿಯಾಗಿದೆ.

ಇನ್ನೊಂದು ತೊಂದರೆ. ಬೋರ್‌ನಿಂದ ಹೊರಟು ಮೊದಲು ತಿರುಗುವ ಕಡೆ ಎಲ್ಬೋ ಎರಡು ಸಲ ಕಳಚಿ ಬಂತು. ಎರಡು ಸಲವೂ ಸೊಲ್ಯೂಷನ್ (ಪಿವಿಸಿ ಅಂಟು) ಹಚ್ಚಿ ಕೂರಿಸಿದ್ದೇವೆ. ಒಂಬತ್ತೂ ಎಲ್ಬೋ ತೆಗೆಸಿ ಬೆಂಡ್ ಹಾಕಿಸಲಾ? ಮತ್ತೆ ಅಗೆಸಬೇಕು ಅಂದರೆ ಕೂಲಿಯೇ ಜಾಸ್ತಿ ಆಗುತ್ತದೆ. ತಿಳಿದವರು ದಾರಿ ತೋರಿಸಿ.

ಪೈಪ್‌ಲೈನ್ ಕೆಲಸ, ಹರಿಹರ

ಅಣ್ಣಾ, ನನ್ನ ಪ್ರಕಾರ ಎಲ್ಬೋಗಳದ್ದೇ ಕೆಲಸ ಇದು. ಎಲ್ಬೋಗೂ ಬೆಂಡ್‌ಗೂ ವ್ಯತ್ಯಾಸ ಇದೆ. ಅಂಗಡಿಯಲ್ಲಿ ಕೆಲವರು ಎರಡಕ್ಕೂ ಒಂದೇ ಹೆಸರು ಹೇಳುತ್ತಾರೆ. ಎಲ್ಬೋ ಅಂದರೆ ಗಿಡ್ಡ ಮೂಲೆ, ನೀರು ಹೋಗಿ ಗೋಡೆಗೆ ಬಡಿದು ತಿರುಗಬೇಕು. ಬೆಂಡ್ ಅಂದರೆ ಉದ್ದ ಬಳುಕು, ನೀರು ಜಾರಿಕೊಂಡು ತಿರುಗುತ್ತದೆ. ಕಬ್ಬಿನ ಗಾಡಿ ತಿರುಗಿಸೋಕೆ ಜಾಗ ಬೇಕಲ್ವಾ, ಹಾಗೆ. ನಾನು ಮೇನ್ ಲೈನ್‌ಗೆ ಎಲ್ಬೋ ಹಾಕುವುದೇ ಇಲ್ಲ. ಜಾಗ ಇದ್ದರೆ 90 ಡಿಗ್ರಿಯ ಒಂದು ಎಲ್ಬೋ ಬದಲು 45 ಡಿಗ್ರಿಯ ಎರಡು ಹಾಕಿ, ನಡುವೆ ಒಂದು ಅಡಿ ಪೈಪ್ ಬಿಡುತ್ತೇನೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಬೆಂಡ್ ಸಿಗಲಿಲ್ಲ ಅಂತ ಹುಲ್ಲಿನ ಬೆಂಕಿಯಲ್ಲಿ ಪೈಪ್ ಕಾಯಿಸಿ ಮೊಣಕಾಲಿಗೆ ಒತ್ತಿ ಬಗ್ಗಿಸಬೇಡಿ. ನಮ್ಮ ಕಡೆ ಇನ್ನೂ ಮಾಡುತ್ತಾರೆ. ಹೊರಮೈ ಎಳೆದುಕೊಂಡು ತೆಳ್ಳಗಾಗುತ್ತದೆ, ಒಳಮೈ ಮಡಚಿಕೊಂಡು ದಾರಿ ಕಿರಿದಾಗುತ್ತದೆ. 6 ಕೆಜಿ ಪೈಪ್ ಆ ಜಾಗದಲ್ಲಿ 6 ಕೆಜಿ ತಡೆಯುವುದಿಲ್ಲ.

ನಿವೃತ್ತ ಇಂಜಿನಿಯರ್, ದಾವಣಗೆರೆ

ಚನ್ನಗಿರಿಯವರೇ, ಸ್ವಲ್ಪ ತಡೆಯಿರಿ. ಅಗೆಯುವ ಮೊದಲು ಲೆಕ್ಕ ಹಾಕೋಣ.

ಹರಿಹರದವರು ಹೇಳಿದ್ದು ನಿಜ, ಎಲ್ಬೋ ಒತ್ತಡ ತಿನ್ನುತ್ತದೆ. ಆದರೆ ಎಷ್ಟು ಅನ್ನುವುದು ಮುಖ್ಯ. ಸಾಮಾನ್ಯ 90 ಡಿಗ್ರಿ ಎಲ್ಬೋ ಒಡ್ಡುವ ತಡೆ, ಅದರ ವ್ಯಾಸದ ಸುಮಾರು 30 ಪಟ್ಟು ಉದ್ದದ ನೇರ ಪೈಪ್ ಒಡ್ಡುವಷ್ಟು. ನಿಮ್ಮ ಪೈಪಿನ ಒಳವ್ಯಾಸ 58 ಎಂಎಂ ಆಸುಪಾಸು. ಅಂದರೆ ಒಂದು ಎಲ್ಬೋ ಸುಮಾರು 6 ಅಡಿ ಪೈಪಿಗೆ ಸಮ. 45 ಡಿಗ್ರಿಯದ್ದಕ್ಕೆ 16 ಪಟ್ಟು, ಅಂದರೆ 3 ಅಡಿ. ಪೂರ್ತಿ ತೆರೆದ ಗೇಟ್ ವಾಲ್ವ್‌ಗೆ 8 ಪಟ್ಟು ಮಾತ್ರ.

ನೀವು ಹೊಸದಾಗಿ ಸೇರಿಸಿದ್ದು ಏಳು ಎಲ್ಬೋ. ಏಳಾರಲಿ 42 ಅಡಿ, ಹೆಚ್ಚುಕಡಿಮೆ ಎರಡು ಪೈಪ್. ಉದ್ದವೂ ಮೂರು ಪೈಪ್ ಜಾಸ್ತಿ ಆಗಿದೆ. ಒಟ್ಟು ಐದು ಪೈಪ್ ಜಾಸ್ತಿ ಹಾಕಿದಂತಾಯಿತು. ಕಂಪನಿಯ ಎಲ್ಬೋ ಒರಟು ಇರಬಹುದು, ಲೆಕ್ಕವನ್ನು ಎರಡರಷ್ಟು ಮಾಡಿ. ಆಗಲೂ ಏಳು ಪೈಪ್. 32 ಪೈಪ್ ಲೈನ್‌ಗೆ ಏಳು ಪೈಪ್ ಸೇರಿಸಿದರೆ 50 ಸೆಕೆಂಡ್ 52, 53 ಆಗಬಹುದು. 78 ಆಗುವುದಿಲ್ಲ. ಬೇರೆ ಏನೋ ಇದೆ.

ಬೋರ್ ಬಾಯಿಯ ಹತ್ತಿರ ಪ್ರೆಶರ್ ಗೇಜ್ ಇದೆಯಾ? ಇದ್ದರೆ ಮೋಟ್ರು ಓಡುವಾಗ ಎಷ್ಟು ತೋರಿಸುತ್ತದೆ ನೋಡಿ ಹೇಳಿ. ಬೋರ್‌ಗಿಂತ ತೊಟ್ಟಿ ಎಷ್ಟು ಅಡಿ ಎತ್ತರದಲ್ಲಿದೆ ಅನ್ನುವುದನ್ನೂ ಹೇಳಿ.

ದುರ್ಗದ ಮೇಷ್ಟ್ರು

ಸರ್, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ, ಪ್ಲಂಬಿಂಗ್ ಗೊತ್ತಿಲ್ಲ. ನಿಮ್ಮ ಮಾತು ಓದುತ್ತಿದ್ದರೆ ನಮ್ಮ ಕೋಟೆ ನೆನಪಾಯಿತು. ಚಿತ್ರದುರ್ಗದ ಕೋಟೆಯಲ್ಲಿ ಒಂದು ಬಾಗಿಲು ದಾಟಿದರೆ ಮುಂದಿನದು ಕಣ್ಣೆದುರಿಗೆ ಇರುವುದಿಲ್ಲ. ದಾರಿ ಗೋಡೆಗಳ ನಡುವೆ ತಿರುಗಿ ತಿರುಗಿ ಹೋಗುತ್ತದೆ. ಓಡಿ ಬಂದವನ ಓಟ ಅಲ್ಲೇ ಮುರಿಯಲಿ, ಆನೆ ಬಂದರೂ ಬಾಗಿಲಿಗೆ ನುಗ್ಗಲು ಓಟದ ಜಾಗ ಸಿಗದಿರಲಿ ಅಂತ. ಮಕ್ಕಳನ್ನು ಕರೆದುಕೊಂಡು ಹೋದಾಗ ಇದನ್ನು ತೋರಿಸುತ್ತೇನೆ. ಎಲ್ಬೋ ಒಳಗೆ ನೀರಿಗೂ ಹೀಗೇ ಆಗುತ್ತದಾ? ನೀರು ಗೋಡೆಗೆ ಬಡಿದು ನಿಂತು ಹೋಗುತ್ತದಾ?

ನಿವೃತ್ತ ಇಂಜಿನಿಯರ್, ದಾವಣಗೆರೆ

ಮೇಷ್ಟ್ರೇ, ಒಳ್ಳೆ ಪ್ರಶ್ನೆ. ಅರ್ಧ ಹಾಗೆ, ಅರ್ಧ ಹಾಗಲ್ಲ. ಸೈನಿಕನ ಓಟ ನಿಧಾನ ಆಗುತ್ತದೆ. ಆದರೆ ಪೈಪ್ ತುಂಬಿ ಹರಿಯುವಾಗ ಹಿಂದಿನಷ್ಟೇ ನೀರು ಮುಂದೆ ಹೋಗಲೇಬೇಕು, ಅದಕ್ಕೆ ನಿಲ್ಲುವ ಜಾಗವೇ ಇಲ್ಲ. ಸರಾಸರಿ ವೇಗ ಎಲ್ಬೋ ಮೊದಲೂ ಅಷ್ಟೇ, ಆಮೇಲೂ ಅಷ್ಟೇ. ಕಡಿಮೆ ಆಗುವುದು ಒತ್ತಡ.

ಒಳಗೆ ಏನಾಗುತ್ತದೆ ಅಂದರೆ, ನೀರಿಗೆ ನೇರ ಹೋಗುವುದೇ ಇಷ್ಟ. ತಿರುಗಿಸಬೇಕಾದರೆ ಹೊರಗಿನ ಗೋಡೆ ಅದನ್ನು ಒಳಕ್ಕೆ ತಳ್ಳಬೇಕು. ಹಾಗಾಗಿ ಹೊರಗೋಡೆಯ ಹತ್ತಿರ ಒತ್ತಡ ಏರುತ್ತದೆ, ಒಳಮೂಲೆಯಲ್ಲಿ ಇಳಿಯುತ್ತದೆ. ಮೂಲೆ ಚೂಪಾಗಿದ್ದರೆ ಒಳಗೋಡೆ ಹಿಡಿದು ಬಂದ ನೀರು ತಿರುವು ದಾಟುತ್ತಲೇ ಗೋಡೆ ಬಿಟ್ಟು ಹಾರುತ್ತದೆ. ಆ ಸಂದಿಯಲ್ಲಿ ಸುಳಿ ಹುಟ್ಟುತ್ತದೆ. ಆ ಸುಳಿಯಲ್ಲಿ ಒತ್ತಡ ಕರಗಿ ಹೋಗುತ್ತದೆ, ಅದು ತಿರುಗಿ ಸಿಗುವುದಿಲ್ಲ. ಮೂಲೆಯನ್ನು ದುಂಡಗೆ ಮಾಡಿದರೆ ನೀರು ಗೋಡೆ ಬಿಡುವುದು ಕಡಿಮೆ. ಬೆಂಡ್‌ನ ಗುಟ್ಟು ಇಷ್ಟೇ.

ಇನ್ನೂ ಒಂದಿದೆ. ಪೈಪಿನ ನಡುವಿನ ನೀರು ಜೋರು, ಗೋಡೆ ಹತ್ತಿರದ್ದು ನಿಧಾನ. ತಿರುವಿನಲ್ಲಿ ಜೋರಿನ ನೀರು ಹೊರಕ್ಕೆ ಸರಿಯುತ್ತದೆ. ನಿಧಾನದ ನೀರು ಗೋಡೆ ಹಿಡಿದು ಒಳಕ್ಕೆ ಬರುತ್ತದೆ. ಹೀಗೆ ಎರಡು ಜಡೆಯಂಥ ಸುರುಳಿಗಳು ಹುಟ್ಟಿ, ಎದುರುಬದುರು ತಿರುಗುತ್ತಾ ಮುಂದೆ ಸಾಗುತ್ತವೆ. ಡಬ್ಲ್ಯು. ಆರ್. ಡೀನ್ ಎಂಬ ಇಂಗ್ಲೆಂಡಿನ ಗಣಿತಜ್ಞರು 1927-28ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಈಗಲೂ ಅವುಗಳನ್ನು ಡೀನ್ ಸುಳಿ ಅಂತಲೇ ಕರೆಯುತ್ತಾರೆ. ಬರಿಗಣ್ಣಿಗೆ ನೋಡಬೇಕು ಅಂದರೆ ತುಂಗಭದ್ರಾ ದಂಡೆಗೆ ಹೋಗಿ. ಹೊಳೆ ತಿರುಗುವ ಕಡೆ ಹೊರದಂಡೆ ಕೊರೆದಿರುತ್ತದೆ, ಒಳದಂಡೆಯಲ್ಲಿ ಮರಳು ಕೂತಿರುತ್ತದೆ. ಅಲ್ಲೂ ಇಂಥದ್ದೇ ಸುರುಳಿ ಕೆಲಸ ಮಾಡುತ್ತದೆ.

ಈ ಸುರುಳಿ ಎಲ್ಬೋ ದಾಟಿದ ತಕ್ಷಣ ಸಾಯುವುದಿಲ್ಲ, ಮುಂದೆ ಸ್ವಲ್ಪ ದೂರ ಉಳಿಯುತ್ತದೆ. ಹಾಗಾಗಿ ನೀರಿನ ಮೀಟರನ್ನು ಎಲ್ಬೋಗೆ ಅಂಟಿಸಿದ ಹಾಗೆ ಕೂರಿಸಬಾರದು, ಮೊದಲು ಸ್ವಲ್ಪ ನೇರ ಪೈಪ್ ಇರಬೇಕು. ತೆರೆದ ಬಾವಿಗೆ ಮೊನೊಬ್ಲಾಕ್ ಪಂಪ್ ಇಟ್ಟವರೂ ಗಮನಿಸಿ. ಪಂಪು ನೀರು ಎಳೆದುಕೊಳ್ಳುವ ಸಕ್ಷನ್ ಬಾಯಿಗೇ ಎಲ್ಬೋ ಹಾಕಿದರೆ ನೀರು ಒಂದು ಪಕ್ಕಕ್ಕೆ ವಾಲಿಕೊಂಡು, ಒಳಗೆ ತಿರುಗುವ ಚಕ್ರಕ್ಕೆ, ಅಂದರೆ ಇಂಪೆಲ್ಲರ್‌ಗೆ ಹೋಗುತ್ತದೆ. ಪಂಪ್ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ. ವ್ಯಾಸದ ಐದರಿಂದ ಹತ್ತು ಪಟ್ಟು ನೇರ ಪೈಪ್ ಬಿಡಿ.

ದುರ್ಗದ ಮೇಷ್ಟ್ರು

ತುಂಬಾ ಥ್ಯಾಂಕ್ಸ್ ಸರ್. ಹೊಳೆದಂಡೆಯ ಉದಾಹರಣೆ ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ.

ದಾಳಿಂಬೆ, ಹಿರಿಯೂರು

ಪೈಪ್ ಕವಲು ತೆಗೆಯುವ ಮೂರು ಬಾಯಿಯ T ಆಕಾರದ ಟೀ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಅನುಭವ ಬರೆಯುತ್ತೇನೆ. 2022ರಲ್ಲಿ ನಮ್ಮ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 1933 ಆದ ಮೇಲೆ ಮೊದಲ ಸಲ, ಆ ವರ್ಷ ಹುಮ್ಮಸ್ಸಿನಲ್ಲಿ ಎರಡು ಎಕರೆ ದಾಳಿಂಬೆ ಇಟ್ಟು ಡ್ರಿಪ್ ಹಾಕಿಸಿದೆ. ಮೇನ್ ಪೈಪ್ ನೇರ ಹೋಗಿ ಒಂದು ಎಕರೆಗೆ ನೀರು ಕೊಡುತ್ತದೆ. ನಡುವೆ ಟೀ ಹಾಕಿ ಪಕ್ಕದ ಎಕರೆಗೆ ಕವಲು ತೆಗೆದಿದ್ದರು. ನೇರದ ಎಕರೆಗೆ ನೀರು ಚೆನ್ನಾಗಿ ಬರುತ್ತಿತ್ತು, ಕವಲಿನ ಎಕರೆ ಸೊರಗಿತು. ಡ್ರಿಪ್ಪರ್ ಕಟ್ಟಿದೆ ಅಂತ ಆಸಿಡ್ ಬಿಟ್ಟೆ, ಫಿಲ್ಟರ್ ತೊಳೆದೆ. ಪ್ರಯೋಜನ ಆಗಲಿಲ್ಲ. ಒಂದು ಬೇಸಿಗೆ ಗಿಡಗಳು ನನ್ನ ಕಣ್ಣೆದುರೇ ಬಾಡಿದವು.

ಕೊನೆಗೆ ಒಬ್ಬರು ಬಂದು ಟೀ ತಿರುಗಿಸಿ ಹಾಕಿದರು. ಅಂದರೆ ಮೇನ್ ಪೈಪ್ ಟೀಯ ಕಾಲಿಗೆ ಬಂತು, ಎರಡು ಕೈ ಎರಡು ಎಕರೆಗೆ ಹೋದವು. ಆಮೇಲೆ ಎರಡೂ ಕಡೆ ಒಂದೇ ಸಮ. ಯಾಕೆ ಅಂತ ಈಗ ಅರ್ಥ ಆಗುತ್ತಿದೆ.

ನಿವೃತ್ತ ಇಂಜಿನಿಯರ್, ದಾವಣಗೆರೆ

ಹಿರಿಯೂರಿನವರೇ, ನಿಮ್ಮದು ಸರಿಯಾದ ಉದಾಹರಣೆ. ಟೀ ನೋಡಲು ಒಂದೇ ವಸ್ತು, ಆದರೆ ನೀರಿಗೆ ಅದು ಎರಡು ದಾರಿ. ನೇರ ಹೋಗುವ ನೀರಿಗೆ ವ್ಯಾಸದ 20 ಪಟ್ಟು ತಡೆ. ಕವಲಿಗೆ ತಿರುಗುವ ನೀರಿಗೆ 60 ಪಟ್ಟು, ಎರಡು ಎಲ್ಬೋ ಸಮ. ಸುಲಭದ ದಾರಿಯಲ್ಲಿ ನೀರು ಜಾಸ್ತಿ ಹೋಗುತ್ತದೆ. ಕಾಲಿನಿಂದ ಕೊಟ್ಟಾಗ ಎರಡು ಕಡೆಗೂ ಒಂದೇ ತಿರುವು ಸಿಕ್ಕಿತು. ಮುಂದಿನ ಪೈಪ್‌ಗಳೂ ಒಂದೇ ಉದ್ದ, ಒಂದೇ ಗಾತ್ರ ಇದ್ದರೆ ಹಂಚಿಕೆ ಸಮ ಆಗುತ್ತದೆ. ಟೀ ತಿರುಗಿಸಲು ಆಗದಿದ್ದ ಕಡೆ ಎರಡೂ ಕೈಗೆ ವಾಲ್ವ್ ಇಟ್ಟು, ಜೋರಿರುವ ಕಡೆ ಸ್ವಲ್ಪ ಬಿಗಿ ಮಾಡಬೇಕು.

ಅಂಗಡಿಯಲ್ಲಿ ಎಲ್ಬೋ ಇಲ್ಲ ಅಂತ ಟೀ ಹಾಕಿ, ಒಂದು ಬಾಯಿಗೆ ಎಂಡ್ ಕ್ಯಾಪ್ ಹೊಡೆಯುವವರೂ ಇದ್ದಾರೆ. ಕೆಲಸ ನಡೆಯುತ್ತದೆ, ಆದರೆ ಎಲ್ಬೋಗಿಂತ ಎರಡರಷ್ಟು ಒತ್ತಡ ಹೋಗುತ್ತದೆ. ಮುಚ್ಚಿದ ಬಾಯಿಯಲ್ಲಿ ಕೆಸರೂ ಕೂರುತ್ತದೆ.

ವಿದ್ಯಾನಗರ ಮನೆ, ದಾವಣಗೆರೆ

ಇಲ್ಲಿ ಕೇಳಬಹುದಾ ಗೊತ್ತಿಲ್ಲ. ನಮ್ಮದು ತೋಟದ ಪೈಪ್ ಅಲ್ಲ, ಅಡುಗೆಮನೆ ನೀರು ಹೋಗುವ ಪೈಪ್. ಎರಡು ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತದೆ. ಕ್ಲೀನ್ ಮಾಡಲು ಬಂದವರು ಪ್ರತಿ ಸಲವೂ ಒಂದೇ ಜಾಗದಲ್ಲಿ ರಾಡ್ ಹಾಕುತ್ತಾರೆ, ಮೇಲಿಂದ ಇಳಿದ ಪೈಪ್ ನೆಲಕ್ಕೆ ತಿರುಗುವ ಕಡೆ. ಮನೆ ಕಟ್ಟುವಾಗ ಅಲ್ಲಿ ಸಾದಾ ಎಲ್ಬೋ ಹಾಕಿದ್ದಾರೆ. ಬೇಳೆ ತೊಳೆದ ನೀರು, ಎಣ್ಣೆ ಜಿಡ್ಡು ಎಲ್ಲಾ ಅಲ್ಲೇ ನಿಲ್ಲುತ್ತದೆ. ಕೆಮಿಕಲ್ ಸುರಿದು ಸಾಕಾಗಿದೆ.

ಪೈಪ್‌ಲೈನ್ ಕೆಲಸ, ಹರಿಹರ

ಅಕ್ಕಾ, ಧಾರಾಳವಾಗಿ ಕೇಳಿ. ಇದು ನಾನು ದಿನಾ ನೋಡುವ ಕೆಲಸ.

ಮೋಟ್ರು ತಳ್ಳುವ ನೀರಿಗೂ ಚರಂಡಿ ಪೈಪಿನ ನೀರಿಗೂ ಒಂದು ವ್ಯತ್ಯಾಸ ಇದೆ. ಚರಂಡಿ ಪೈಪ್ ತುಂಬಿ ಹರಿಯುವುದಿಲ್ಲ, ಹಿಂದಿನಿಂದ ತಳ್ಳುವವರು ಯಾರೂ ಇಲ್ಲ. ಇಳಿಜಾರೇ ಅದರ ಮೋಟ್ರು. ಮೇಲಿಂದ ಜೋರಾಗಿ ಬಂದ ನೀರು 90ರ ಮೂಲೆಯಲ್ಲಿ ಒಮ್ಮೆಲೇ ನಿಧಾನ ಆಗುತ್ತದೆ. ನೀರು ಹೇಗೋ ಮುಂದೆ ಹೋಗುತ್ತದೆ, ಅನ್ನದ ಅಗುಳು, ಜಿಡ್ಡು ಅಲ್ಲೇ ಕೂರುತ್ತದೆ. ನಿಂತ ಜಿಡ್ಡು ತಣ್ಣಗಾಗಿ ಗಟ್ಟಿಯಾಗುತ್ತದೆ. ಮುಂದಿನ ಸಲ ಬಂದದ್ದು ಅದಕ್ಕೆ ಅಂಟುತ್ತದೆ.

ಆ ಎಲ್ಬೋ ಕತ್ತರಿಸಿ ತೆಗೆಸಿ. 45ರ ಎರಡು ಬೆಂಡ್ ಹಾಕಿಸಿ. ಒಂದನ್ನು ಡೋರ್ ಬೆಂಡ್ ತೆಗೆದುಕೊಳ್ಳಿ. ಬಾಗಿಲು ಬಿಚ್ಚಿ ಕೈಯಲ್ಲೇ ಕ್ಲೀನ್ ಮಾಡಬಹುದು. ಬಾಗಿಲು ಕೈಗೆ ಸಿಗುವ ಕಡೆ ಮುಖ ಮಾಡಿರಲಿ, ಗೋಡೆ ಕಡೆ ಅಲ್ಲ. ನೆಲದಲ್ಲಿ ಇನ್ನೊಂದು ಪೈಪ್ ಸೇರುವ ಕಡೆ ಟೀ ಬೇಡ, Y ಆಕಾರದ ವೈ ಹಾಕಿಸಿ. ವೈ ಹಾಕಿದರೆ ಸೇರುವ ನೀರು ಹೋಗುವ ನೀರಿನ ದಿಕ್ಕಿನಲ್ಲೇ ಸೇರುತ್ತದೆ. ಟೀ ಹಾಕಿದರೆ ಅಡ್ಡ ಬಿದ್ದು ಎರಡೂ ಕಡೆ ಚೆಲ್ಲುತ್ತದೆ, ಕಸ ಹಿಂದಕ್ಕೂ ಹೋಗುತ್ತದೆ. ವೈ ತಲೆಕೆಳಗಾಗಿ ಹಾಕಿದ ಮನೆಗಳನ್ನೂ ನೋಡಿದ್ದೇನೆ, ಅದು ಟೀಗಿಂತ ಕೆಟ್ಟದ್ದು. ಹಾಕುವಾಗ ಎದುರಿಗೆ ನಿಂತು ನೋಡಿ ಅಕ್ಕಾ.

4 ಇಂಚಿನ ಪೈಪ್‌ಗೆ 40 ಅಡಿಗೆ 1 ಅಡಿ ಇಳಿಜಾರು ಕೊಡುತ್ತೇವೆ. 10 ಅಡಿಗೆ 3 ಇಂಚು. 6 ಇಂಚಿನದಕ್ಕೆ 60 ಅಡಿಗೆ 1 ಅಡಿ ಸಾಕು.

ಅಡಿಕೆ ತೋಟ, ಚನ್ನಗಿರಿ

ಇಂಜಿನಿಯರ್ ಸರ್, ಗೇಜ್ ಇರಲಿಲ್ಲ. ಚನ್ನಗಿರಿಗೆ ಹೋಗಿ ತಂದು ಬೋರ್ ಹತ್ತಿರ ಹಾಕಿಸಿದೆ. ಮೋಟ್ರು ಓಡುವಾಗ 4 ಕೆಜಿ ತೋರಿಸುತ್ತದೆ. ಬೋರ್‌ಗಿಂತ ತೊಟ್ಟಿ ಸುಮಾರು 20 ಅಡಿ ಎತ್ತರ. ನಿನ್ನೆ ಸಂಜೆ ಕರೆಂಟ್ ಹೋಗಿ ಬಂದಾಗ ಎಲ್ಬೋ ಮತ್ತೆ ಕಳಚಿತು, ಮೂರನೇ ಸಲ.

ನಿವೃತ್ತ ಇಂಜಿನಿಯರ್, ದಾವಣಗೆರೆ

4 ಕೆಜಿ! ಸಿಕ್ಕಿತು ನೋಡಿ.

20 ಅಡಿ ಎತ್ತರ ಅಂದರೆ 6 ಮೀಟರ್. ಈಗ ಬರುತ್ತಿರುವ ನೀರಿಗೆ 35 ಪೈಪಿನ ಉಜ್ಜಾಟ, ಎಲ್ಬೋಗಳೂ ಸೇರಿ, 4 ಮೀಟರ್ ಹತ್ತಿರ. ಎರಡೂ ಸೇರಿ 10 ಮೀಟರ್. ಹತ್ತು ಮೀಟರ್ ಎತ್ತರದ ನೀರು ಅಂದರೆ 1 ಕೆಜಿ ಒತ್ತಡ, ಹಾಗಾಗಿ ಗೇಜ್ 1 ಕೆಜಿ ತೋರಿಸಬೇಕಿತ್ತು. 4 ತೋರಿಸುತ್ತಿದೆ. ಉಳಿದ 3 ಕೆಜಿ ಲೈನಿನಲ್ಲಿ ಎಲ್ಲೋ ಒಂದು ಕಡೆ ಹೋಗುತ್ತಿದೆ. ಒಳಗೆ ಏನೋ ಸಿಕ್ಕಿಕೊಂಡಿದೆ, ಅಥವಾ ಯಾವುದೋ ವಾಲ್ವ್ ಅರ್ಧ ಮುಚ್ಚಿದೆ. ಸಿಕ್ಕಿಕೊಂಡಿದ್ದರೆ ತಿರುವಿನಲ್ಲೇ ಇರುತ್ತದೆ. ನೇರ ಪೈಪಿನಲ್ಲಿ ಕಸ ನೀರಿನ ಜೊತೆ ಜಾರಿ ಹೋಗುತ್ತದೆ, ಎಲ್ಬೋದಲ್ಲಿ ಅಡ್ಡ ನಿಲ್ಲುತ್ತದೆ.

ನಿಮ್ಮ ಎರಡನೇ ತೊಂದರೆಗೂ ಇದೇ ಕಾರಣ. ನೀರು ಹೋಗಿ ಬಡಿಯುವುದರಿಂದ ಎಲ್ಬೋ ಕಳಚುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ನಿಮ್ಮ ಲೈನಿನಲ್ಲಿ ಬಡಿತದ ಬಲ ಒಂದು ಕೆಜಿಯೂ ಬರುವುದಿಲ್ಲ. ತಳ್ಳುವುದು ಒತ್ತಡ. 63 ಎಂಎಂ ಪೈಪಿನ ಅಡ್ಡಕೊಯ್ತ 31 ಚದರ ಸೆಂಟಿಮೀಟರ್. ಒಂದೊಂದು ಚದರ ಸೆಂಟಿಮೀಟರಿಗೆ 4 ಕೆಜಿ ಅಂದರೆ ಒಂದು ಬಾಯಿಗೆ ಸುಮಾರು 125 ಕೆಜಿ. 90ರ ಎಲ್ಬೋಗೆ ಎರಡು ಬಾಯಿ. ಎರಡೂ ಸೇರಿ ಎಲ್ಬೋವನ್ನು ಮೂಲೆಯ ಹೊರಕ್ಕೆ 175 ಕೆಜಿ ಬಲದಿಂದ ತಳ್ಳುತ್ತವೆ. ಒಂದೂಮುಕ್ಕಾಲು ಕ್ವಿಂಟಲ್! ನೇರ ಪೈಪಿನಲ್ಲಿ ಎದುರುಬದುರಿನ ಬಲ ಸಮ ಆಗಿ ಹೋಗುತ್ತದೆ. ತಿರುವಿನಲ್ಲಿ, ಟೀಯಲ್ಲಿ, ಎಂಡ್ ಕ್ಯಾಪಿನಲ್ಲಿ ಸಮ ಆಗುವುದಿಲ್ಲ. ನೀರು ನಿಂತಿದ್ದರೂ, ಒಳಗೆ ಒತ್ತಡ ಇದ್ದರೆ ಈ ಬಲ ಇರುತ್ತದೆ.

ಕರೆಂಟ್ ಹೋದಾಗ ಕಳಚಿದ್ದೂ ಸಹಜ. ಓಡುತ್ತಿದ್ದ ನೀರು ಥಟ್ಟನೆ ನಿಂತು ತಿರುಗಿ ಎನ್‌ಆರ್‌ವಿಗೆ (ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್) ಬಡಿದರೆ ಒತ್ತಡದ ಅಲೆ ಏಳುತ್ತದೆ. ಪಿವಿಸಿಯಲ್ಲಿ ಆ ಅಲೆ ಸೆಕೆಂಡಿಗೆ 300ರಿಂದ 400 ಮೀಟರ್ ಓಡುತ್ತದೆ. ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿದ್ದು ಒಮ್ಮೆಲೇ ನಿಂತರೂ ಮೂರೂವರೆ ಕೆಜಿ ಆಸುಪಾಸು ಒತ್ತಡ ಮೇಲೆ ಬೀಳುತ್ತದೆ.

ಈಗ ಎಲ್ಲಾ ಕಡೆ ಅಗೆಯಬೇಡಿ. ಲೈನಿನ ನಡುವೆ ಒಂದು ಯೂನಿಯನ್ (ಬಿಚ್ಚಿ ಮತ್ತೆ ಜೋಡಿಸಬಹುದಾದ ಜಾಯಿಂಟ್) ಅಥವಾ ಟೀ ಇದ್ದರೆ ಅಲ್ಲಿ ಬಿಚ್ಚಿ ಡ್ರಮ್ ತುಂಬಿಸಿ, ಗೇಜ್ ನೋಡಿ. ಒತ್ತಡ ಇಳಿದು ನೀರು ಜೋರಾದರೆ ಕಟ್ಟಿರುವುದು ಅಲ್ಲಿಂದ ಮುಂದೆ. ಹಾಗೇ ಇದ್ದರೆ ಹಿಂದೆ. ಹೀಗೆ ಅರ್ಧ ಅರ್ಧ ಮಾಡುತ್ತಾ ಬನ್ನಿ.

ಪೈಪ್‌ಲೈನ್ ಕೆಲಸ, ಹರಿಹರ

ಸರ್ ಹೇಳಿದ್ದು ಒಪ್ಪಿದೆ. ಗೇಜ್ ನೋಡದೆ ಎಲ್ಬೋ ಅಂದುಬಿಟ್ಟೆ, ನನ್ನ ತಪ್ಪು.

ಅಣ್ಣಾ, ಕಟ್ಟಿರುವುದನ್ನು ತೆಗೆದ ಮೇಲೂ ಬೋರ್ ಹತ್ತಿರದ ತಿರುವಿಗೆ ಆಸರೆ ಕೊಡಿ. ಅಲ್ಲಿ ಎಲ್ಬೋ ತೆಗೆದು ಬೆಂಡ್ ಹಾಕಿ. ಬೆಂಡ್‌ನ ಹೊರಮೈ ಕಡೆ ಕಾಂಕ್ರೀಟ್ ಹಾಕಿಸಿ. ಅದು ಅಗೆಯದ ಗಟ್ಟಿ ಮಣ್ಣಿಗೆ ಆನಿಕೊಂಡಿರಬೇಕು. ಅಗೆದು ತುಂಬಿದ ಸಡಿಲ ಮಣ್ಣಿಗೆ ಆನಿಸಿದರೆ ಕಾಂಕ್ರೀಟೇ ಜರುಗುತ್ತದೆ. ನಿಮ್ಮ ಕಡೆ ಎರೆ ಮಣ್ಣಿದ್ದರೆ ಇನ್ನೂ ಹುಷಾರು, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪನ್ನು ಎಳೆಯುತ್ತದೆ. ಎರೆ ಇದ್ದ ಕಡೆ ನಾನು ಗುಂಡಿ ದೊಡ್ಡದು ಮಾಡಿ ಬ್ಲಾಕ್ ಅಗಲ ಹಾಕುತ್ತೇನೆ. ಬೆಂಡ್‌ಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಆಮೇಲೆ ಕಾಂಕ್ರೀಟ್ ಸುರಿಯಿರಿ. ಜಾಯಿಂಟ್ ಮೇಲೆ ಸುರಿಯಬೇಡಿ, ಸೋರಿದರೆ ಕಾಣಬೇಕು.

ಸೊಲ್ಯೂಷನ್ ಹಚ್ಚಿ ಎಷ್ಟು ಹೊತ್ತಿಗೆ ಮೋಟ್ರು ಹಾಕಿದಿರಿ?

ಅಡಿಕೆ ತೋಟ, ಚನ್ನಗಿರಿ

ಒಂದು ಗಂಟೆಗೆ. ಗಿಡ ಒಣಗುತ್ತವೆ ಅಂತ ಅವಸರ ಆಯಿತು.

ಪೈಪ್‌ಲೈನ್ ಕೆಲಸ, ಹರಿಹರ

ಒಂದು ದಿನ ಬಿಡಬೇಕು ಅಣ್ಣಾ. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ, ಎರಡೂ ಮೈಗೆ ತೆಳ್ಳಗೆ ಹಚ್ಚಿ. ಪೂರ್ತಿ ಒಳಕ್ಕೆ ತಳ್ಳಿ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕಳಚಿದ ಎಲ್ಬೋವನ್ನೇ ಮತ್ತೆ ಅಂಟಿಸಬೇಡಿ. ಅದರ ಒಳಮೈ ಒರಟಾಗಿರುತ್ತದೆ, ಹಿಡಿಯುವುದಿಲ್ಲ. ಹೊಸದು ತನ್ನಿ.

ಅಡಿಕೆ ತೋಟ, ಚನ್ನಗಿರಿ

ಎಂಟು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಇಂಜಿನಿಯರ್ ಸರ್ ಹೇಳಿದ ಹಾಗೆ ನಡುವಿನ ಯೂನಿಯನ್ ಬಿಚ್ಚಿದೆ. ಗೇಜ್ ಇಳಿಯಲೇ ಇಲ್ಲ, ನೀರೂ ಜೋರಾಗಲಿಲ್ಲ. ಅಂದರೆ ಕಟ್ಟಿರುವುದು ಬೋರ್ ಕಡೆ. ಆ ಕಡೆ ಇದ್ದದ್ದು ನಾಲ್ಕು ಎಲ್ಬೋ. ಎರಡನೇ ಎಲ್ಬೋ ದಾಟಿ ಹತ್ತು ಅಡಿ ಬಿಟ್ಟು ಪೈಪ್ ಕತ್ತರಿಸಿದೆ, ಅಲ್ಲೂ ಅದೇ. ಮೊದಲನೇ ಎಲ್ಬೋ ನಮ್ಮ ಕೈಯಲ್ಲೇ ಮೂರು ಸಲ ಬಿಚ್ಚಿ ಬಂದಿತ್ತು, ಅದರೊಳಗೆ ಏನೂ ಇರಲಿಲ್ಲ. ಉಳಿದದ್ದು ಎರಡನೆಯದು. ಅದನ್ನು ಕೊಯ್ದು ತೆಗೆದು ಬೆಳಕಿಗೆ ಹಿಡಿದರೆ ಒಳಗೆ ಗೋಣಿಚೀಲದ ತುಂಡು! ಮುದ್ದೆ ಆಗಿ ಮೂಲೆಯಲ್ಲಿ ಕೂತು, ಒಂದು ಬೆರಳು ಹೋಗುವಷ್ಟು ಸಂದಿ ಮಾತ್ರ ಬಿಟ್ಟಿತ್ತು.

ಆಗ ನೆನಪಾಯಿತು. ಲೈನ್ ಹಾಕುವ ದಿನ ಸಂಜೆ ಮಳೆ ಬಂತು. ಕೆಲಸ ಅರ್ಧಕ್ಕೆ ನಿಂತಿತ್ತು. ಮಣ್ಣು ಹೋಗದಿರಲಿ ಅಂತ ನಮ್ಮ ತಮ್ಮನೇ ಪೈಪಿನ ಬಾಯಿಗೆ ಗೋಣಿ ತುರುಕಿದ್ದ. ಮಾರನೇ ದಿನ ಬೇರೆ ಆಳುಗಳು ಬಂದು ಅದರ ಮೇಲೇ ಜೋಡಿಸಿಕೊಂಡು ಹೋದರು.

ಹರಿಹರದ ಅಣ್ಣ ಹೇಳಿದಂತೆ ಮೊದಲೆರಡು ತಿರುವಿಗೆ ಹೊಸ ಬೆಂಡ್ ಹಾಕಿದೆವು. ಇಡೀ ದಿನ ಮೋಟ್ರು ಮುಟ್ಟಲಿಲ್ಲ. ಹೊರಮೈಗೆ ಕಾಂಕ್ರೀಟ್ ಹಾಕಿ ಆರು ದಿನ ನೀರುಣಿಸಿದೆವು. ಅಷ್ಟು ದಿನ ತೋಟಕ್ಕೆ ಪಕ್ಕದವರೇ ತಮ್ಮ ಬೋರ್‌ನಿಂದ ನೀರು ಬಿಟ್ಟರು. ಉಳಿದ ಏಳು ಎಲ್ಬೋ ಇದ್ದಲ್ಲೇ ಇವೆ, ಅಗೆಸಲಿಲ್ಲ.

ಇವತ್ತು ಬೆಳಿಗ್ಗೆ ಮೋಟ್ರು ಹಾಕಿ ನೋಡಿದೆವು. ಡ್ರಮ್ 52 ಸೆಕೆಂಡಿಗೆ ತುಂಬಿತು. ಗೇಜ್ ಒಂದೂವರೆ ಕೆಜಿಯ ಹತ್ತಿರ ನಿಂತಿದೆ. ಮಧ್ಯಾಹ್ನ ಕರೆಂಟ್ ಎರಡು ಸಲ ಹೋಗಿ ಬಂತು, ತಿರುವಿನ ಹತ್ತಿರ ಕೂತು ನೋಡುತ್ತಿದ್ದೆ. ಪೈಪ್ ಅಲ್ಲಾಡಲಿಲ್ಲ.